ಡಿಸ್ಕ್ ಬ್ರೇಕಿನ ಅಜ್ಜ: ಫ್ರೆಡರಿಕ್ ಲ್ಯಾಂಚೆಸ್ಟರ್

ಹಳೇ ಜಾಗ್ವಾರ್ ಇ-ಟೈಪ್ ಕಾರಿನ ಹಿಂದಿನ ಬ್ರೇಕ್ ಡಿಸ್ಕ್ ಬದಲಾಯಿಸೋದು ಅಂದ್ರೆ ಸುಮ್ನೆ ಮಾತಲ್ಲ. ಚಕ್ರ ಬಿಚ್ಚಿದರೆ ಅಲ್ಲಿ ಡಿಸ್ಕೇ ಇರಲ್ಲ. ಅದು ಒಳಗಡೆ, ಡಿಫರೆನ್ಷಿಯಲ್ ಪಕ್ಕದಲ್ಲಿ ಕೂತಿರುತ್ತೆ. ಪ್ಯಾಡ್‌ಗಳನ್ನಾದರೂ ಕಾರಿನಡಿ ಮಲಗಿ ಹೇಗೋ ಬದಲಿಸಬಹುದು. ಡಿಸ್ಕ್ ತೆಗೆಯಬೇಕಾದರೆ ಸಾಮಾನ್ಯವಾಗಿ ಹಿಂದಿನ ಸಸ್ಪೆನ್ಷನ್ನನ್ನೇ ಇಡಿಯಾಗಿ ಕೆಳಗಿಳಿಸುತ್ತಾರೆ. ಇಷ್ಟೆಲ್ಲಾ ಒದ್ದಾಡಿದ ಮೇಲೆ ಕೈಗೆ ಸಿಗೋದು ಒಂದು ಲೋಹದ ತಟ್ಟೆ, ಅದನ್ನು ಎರಡೂ ಕಡೆಯಿಂದ ಅಮುಕುವ ಪ್ಯಾಡ್‌ಗಳು. ಆ ಕಾರು ಬಂದದ್ದು 1961ರಲ್ಲಿ. ತಟ್ಟೆಯನ್ನು ಅಮುಕಿ ಗಾಡಿ ನಿಲ್ಲಿಸುವ ಉಪಾಯಕ್ಕೆ ಆಗಲೇ ಸುಮಾರು ಅರವತ್ತು ವರ್ಷ ವಯಸ್ಸಾಗಿತ್ತು. 1902ರಲ್ಲಿ ಅದಕ್ಕೆ ಪೇಟೆಂಟ್ ಮಾಡಿಸಿದವನು ಫ್ರೆಡರಿಕ್ ವಿಲಿಯಂ ಲ್ಯಾಂಚೆಸ್ಟರ್.

ಲ್ಯಾಂಚೆಸ್ಟರ್ ಹುಟ್ಟಿದ್ದು 1868ರ ಅಕ್ಟೋಬರ್ 23ರಂದು, ಲಂಡನ್ನಿನಲ್ಲಿ. ಅಪ್ಪ ಕಟ್ಟಡಗಳ ವಿನ್ಯಾಸಕಾರ. ಹುಡುಗ ಓದಿದ್ದು ಸೌತಾಂಪ್ಟನ್ ಮತ್ತು ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನಲ್ಲಿ. ಆದರೆ ಡಿಗ್ರಿ ಮುಗಿಸಲಿಲ್ಲ. ಕೆಲಕಾಲ ಪೇಟೆಂಟ್ ಕಚೇರಿಗೆ ಡ್ರಾಯಿಂಗ್ ಮಾಡಿಕೊಟ್ಟ. 1889ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಫಾರ್ವರ್ಡ್ ಗ್ಯಾಸ್ ಎಂಜಿನ್ ಕಂಪನಿ ಸೇರಿದ. ನೌಕರ ಕಂಡುಹಿಡಿದದ್ದೆಲ್ಲ ಕಂಪನಿಯ ಸ್ವತ್ತು ಅನ್ನೋ ಷರತ್ತು ಕರಾರಿನಲ್ಲಿತ್ತು. ಲ್ಯಾಂಚೆಸ್ಟರ್ ಆ ಸಾಲನ್ನು ಹೊಡೆದುಹಾಕಿ ಸಹಿ ಮಾಡಿದ! ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ಕೆಲಸಕ್ಕೆ ಸೇರುವಾಗ ನಮ್ಮಲ್ಲಿ ಎಷ್ಟು ಜನಕ್ಕೆ ಆ ಧೈರ್ಯ ಬಂದೀತು?

1896ರ ಹೊತ್ತಿಗೆ ಅವನ ಮೊದಲ ಕಾರು ರಸ್ತೆಗಿಳಿಯಿತು. ಬೇರೆಯವರು ಕುದುರೆಗಾಡಿಗೆ ಎಂಜಿನ್ ಕಟ್ಟುತ್ತಿದ್ದ ಕಾಲ ಅದು. ಇವನು ಕಾರನ್ನು ಕಾರು ಅಂತಲೇ ಲೆಕ್ಕ ಹಾಕಿ ಕಟ್ಟಿದ. ಮುಂದಿನ ಎಂಜಿನ್‌ನಲ್ಲಿ ಎರಡು ಕ್ರ್ಯಾಂಕ್‌ಶಾಫ್ಟ್‌ಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ತಿರುಗಿಸಿ ಅದುರುವಿಕೆಯನ್ನು ಅಡಗಿಸಿದ. 1899ರ ಕೊನೆಗೆ ತಮ್ಮ ಜಾರ್ಜ್, ಇನ್ನೊಬ್ಬ ಸಹೋದರ ಫ್ರಾಂಕ್ ಜೊತೆ ಸೇರಿ ಕಂಪನಿ ಶುರುವಾಯಿತು.

ಈಗ ಬ್ರೇಕಿಗೆ ಬರೋಣ. ತಿರುಗುವ ತೆಳ್ಳನೆಯ ತಟ್ಟೆ, ಅದರ ಅಂಚನ್ನು ಇಕ್ಕಳದ ಹಾಗೆ ಕಚ್ಚುವ ಎರಡು ದವಡೆ. ತತ್ವ ಇವತ್ತಿನದೇ. ಸೋತದ್ದು ಮೆಟೀರಿಯಲ್‌ನಲ್ಲಿ. ಆಗ ಪ್ಯಾಡ್‌ಗೆ ಬಳಸಿದ್ದು ತಾಮ್ರ. ಲೋಹಕ್ಕೆ ಲೋಹ ಉಜ್ಜಿದರೆ ಏನಾಗುತ್ತೆ? ಕಿವಿ ಸೀಳುವ ಕಿರುಚಾಟ. ಟಾರಿಲ್ಲದ ರಸ್ತೆಗಳ ಧೂಳು ಬೇರೆ ಸೇರಿ ಮೆತ್ತನೆಯ ತಾಮ್ರ ಬೇಗ ಸವೆಯುತ್ತಿತ್ತು. ಇನ್ನೊಂದು ತೊಡಕೂ ಇತ್ತು. ಡ್ರಮ್ ಬ್ರೇಕಿನಲ್ಲಿ ತಿರುಗುವ ಡ್ರಮ್ಮೇ ಶೂವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತೆ, ಹಾಗಾಗಿ ಕಾಲಿನ ಬಲ ಕಡಿಮೆ ಸಾಕು. ಡಿಸ್ಕಿಗೆ ಆ ಸಹಾಯ ಇಲ್ಲ. ಗಟ್ಟಿಯಾಗಿ ಅಮುಕಲೇಬೇಕು. ಸಲಾಕೆ, ತಂತಿಗಳ ಆ ಕಾಲದಲ್ಲಿ ಅಷ್ಟು ಬಲ ಎಲ್ಲಿಂದ ತರೋದು? ಒಳ್ಳೆಯ ಲೈನಿಂಗ್, ಹೈಡ್ರಾಲಿಕ್ಸ್, ಸರ್ವೋ, ಈ ಮೂರೂ ಬರುವ ತನಕ ಡಿಸ್ಕ್ ಬ್ರೇಕ್ ಕಾಯಬೇಕಾಯಿತು.

ಕಂಪನಿ ಕೂಡ ಕಾಯುವ ಸ್ಥಿತಿಯಲ್ಲಿರಲಿಲ್ಲ. ಕಾರಿಗೆ ಗಿರಾಕಿಗಳಿದ್ದರೂ ಬಂಡವಾಳ ಸಾಲದೆ 1904ರಲ್ಲಿ ದಿವಾಳಿಯ ಅಂಚಿಗೆ ಬಂತು. ಮತ್ತೆ ಹೊಸದಾಗಿ ಕಟ್ಟಿದರೂ ಲ್ಯಾಂಚೆಸ್ಟರನ ಕೈಯಲ್ಲಿ ಮೊದಲಿನ ಹಿಡಿತ ಉಳಿಯಲಿಲ್ಲ. 1909ರಲ್ಲಿ ಡೈಮ್ಲರ್‌ಗೆ ಸಲಹೆಗಾರನಾದ.

ಅವನ ತಲೆ ಮಾತ್ರ ಒಂದೇ ಕಡೆ ನಿಲ್ಲುತ್ತಿರಲಿಲ್ಲ. ವಿಮಾನ ಹಾರುವ ಮೊದಲೇ, 1890ರ ದಶಕದಲ್ಲಿ, ರೆಕ್ಕೆಯ ತುದಿಯಲ್ಲಿ ಗಾಳಿ ಸುರುಳಿ ಸುತ್ತುವುದನ್ನೂ ರೆಕ್ಕೆ ಮೇಲೇಳುವ ಬಲವನ್ನೂ ಜೋಡಿಸಿ ಯೋಚಿಸಿದ್ದ. ಪ್ರಬಂಧ ಬರೆದು ಕಳಿಸಿದರೆ ಲಂಡನ್ನಿನ ಫಿಸಿಕಲ್ ಸೊಸೈಟಿ ಒಪ್ಪಲಿಲ್ಲ. ಹಟ ಬಿಡದೆ 1907 ಮತ್ತು 1908ರಲ್ಲಿ ಎರಡು ಪುಸ್ತಕಗಳನ್ನೇ ತಂದ. ನಮ್ಮ ಏರೋ ವಿಭಾಗದ ಗೆಳೆಯರು ಓದುವ ರೆಕ್ಕೆಯ ಸಿದ್ಧಾಂತಕ್ಕೆ ಲ್ಯಾಂಚೆಸ್ಟರ್–ಪ್ರಾಂಟಲ್ ಅಂತ ಜೋಡಿ ಹೆಸರು ಬಂದದ್ದು ಸುಮ್ಮನೆ ಅಲ್ಲ. 1916ರಲ್ಲಿ ಯುದ್ಧದಲ್ಲಿ ಪಡೆಗಳ ಸಂಖ್ಯೆಯ ಮಹತ್ವವನ್ನು ಸಮೀಕರಣಗಳಲ್ಲಿ ಹಿಡಿದ. ಆಪರೇಷನ್ಸ್ ರಿಸರ್ಚ್ ಓದುವವರಿಗೆ ಅದು ಲ್ಯಾಂಚೆಸ್ಟರ್ ನಿಯಮ. ಡಿಗ್ರಿಯಿಲ್ಲದ ಈ ಮನುಷ್ಯನನ್ನು 1922ರಲ್ಲಿ ರಾಯಲ್ ಸೊಸೈಟಿ ಫೆಲೋ ಆಗಿ ಆರಿಸಿತು.

ಗೌರವ ಬಂತು, ದುಡ್ಡು ಬರಲಿಲ್ಲ. 1925ರಲ್ಲಿ ಶುರುಮಾಡಿದ ಸ್ವಂತ ಪ್ರಯೋಗಾಲಯ ಉಳಿಯಲಿಲ್ಲ. ಪಾರ್ಕಿನ್ಸನ್ ಕಾಯಿಲೆ ಹಿಡಿಯಿತು, ಕಣ್ಣೂ ಮಂಜಾಯಿತು. ಇರುವ ಮನೆ ಉಳಿಸಿಕೊಳ್ಳಲೂ ಮೋಟಾರು ಉದ್ಯಮದವರ ನೆರವು ಬೇಕಾಯಿತು. 1946ರ ಮಾರ್ಚ್ 8ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ತೀರಿಕೊಂಡ. ವಯಸ್ಸು 77.

ಆಮೇಲೆ ಏಳೇ ವರ್ಷ. 1953ರ ಲ-ಮಾನ್ 24 ಗಂಟೆ ಓಟದಲ್ಲಿ ಡನ್ಲಪ್ ಡಿಸ್ಕ್ ಬ್ರೇಕ್ ಹಾಕಿದ ಜಾಗ್ವಾರ್ ಸಿ-ಟೈಪ್ ಗೆದ್ದಿತು. ಡ್ರಮ್ ಕಾದರೆ ಹಿಗ್ಗಿ ಶೂವಿನಿಂದ ದೂರ ಸರಿಯುತ್ತೆ, ಪೆಡಲ್ ಕೆಳಗಿಳಿಯುತ್ತಾ ಹೋಗುತ್ತೆ. ಡಿಸ್ಕ್ ಕಾದರೂ ಪ್ಯಾಡಿನ ಕೈ ಬಿಡಲ್ಲ, ಬಯಲಲ್ಲಿರೋದರಿಂದ ಬೇಗ ತಣಿಯುತ್ತೆ ಕೂಡ. ಉಳಿದವರಿಗಿಂತ ತಡವಾಗಿ ಬ್ರೇಕ್ ಹಾಕುವ ಸ್ವಾತಂತ್ರ್ಯವೇ ಆ ಕಾರಿನ ದೊಡ್ಡ ಬಲವಾಗಿತ್ತು.

ಇವತ್ತು ನಮ್ಮ ಕಾಲೇಜಿನ ಪಾರ್ಕಿಂಗ್‌ನಲ್ಲಿರುವ ಬೈಕುಗಳ ಮುಂದಿನ ಚಕ್ರ ನೋಡಿ, ಬಹುಪಾಲು ಡಿಸ್ಕೇ. ಪ್ಯಾಡ್ ಸವೆದು ಮೆಕ್ಯಾನಿಕ್ ಹತ್ತಿರ ಹೋದಾಗ ಅವರು ಹೊಸದು ಹಾಕಿ ಅರ್ಧ ಗಂಟೆಯೊಳಗೆ ಕೊಟ್ಟುಬಿಡುತ್ತಾರೆ. ಲ್ಯಾಂಚೆಸ್ಟರನ ಹತ್ತಿರ ಉಪಾಯ ಇತ್ತು, ಅಂಥ ಒಂದು ತುಂಡು ಪ್ಯಾಡ್ ಇರಲಿಲ್ಲ.