ಸೊಪ್ಪು ಒಣಗಿಸುವ ವಿದ್ಯೆ ಕಲಿಸಿದ ಶ್ರೀಮತಿ ಗ್ರೀವ್

ಔಷಧಿ ಗಿಡ ಬೆಳೆದರೆ ಅರ್ಧ ಕೆಲಸ ಮಾತ್ರ ಮುಗಿದಂತೆ. ಕೊಯ್ದ ಸೊಪ್ಪನ್ನು ಗುಣ ಕೆಡದಂತೆ ಒಣಗಿಸುವುದು ಉಳಿದ ಅರ್ಧ. ಈ ಕೆಲಸವನ್ನು ಇಂಗ್ಲೆಂಡಿನ ಬೆಳೆಗಾರರಿಗೆ ಕಲಿಸಿದ ಶ್ರೀಮತಿ ಮಾಡ್ ಗ್ರೀವ್ ಅವರ ಜೀವನವನ್ನು ತಾವು ತಿಳಿಯಬೇಕು.

ಅವರು ಹುಟ್ಟಿದ್ದು 1858ರಲ್ಲಿ, ಲಂಡನ್ನಿನಲ್ಲಿ. ಪತಿ ಕಲ್ಕತ್ತೆ ಬಳಿಯ ಬಾಲಿ ಕಾಗದದ ಗಿರಣಿಯಲ್ಲಿ ಮೇಲಧಿಕಾರಿ. ಹೀಗಾಗಿ ಕೆಲವು ವರ್ಷ ನಮ್ಮ ದೇಶದಲ್ಲಿಯೇ ಇದ್ದರು. ಸ್ವದೇಶಕ್ಕೆ ಮರಳಿದ ಬಳಿಕ ಚಾಲ್‌ಫಾಂಟ್ ಸೇಂಟ್ ಪೀಟರ್ ಎಂಬ ಹಳ್ಳಿಯಲ್ಲಿ ಮನೆ ಕಟ್ಟಿ ಮೂಲಿಕೆ ತೋಟ ಮಾಡಿದರು.

1914ರಲ್ಲಿ ಮೊದಲನೆಯ ಮಹಾಯುದ್ಧ ಶುರುವಾಯಿತು. ಅಲ್ಲಿಯವರೆಗೆ ಬ್ರಿಟನ್ನಿಗೆ ಒಣ ಮೂಲಿಕೆ ಬಹುಪಾಲು ಬರುತ್ತಿದ್ದುದು ಜರ್ಮನಿ ಮತ್ತು ಆಸ್ಟ್ರಿಯಾ ಕಡೆಯಿಂದ. ಅವೇ ಶತ್ರುದೇಶಗಳಾದವು! ಕಣ್ಣಿನ ಚಿಕಿತ್ಸೆಗೆ ಬೇಕಾದ ಬೆಲ್ಲಡೋನ, ಹೃದಯದ ಔಷಧಿಗೆ ಬೇಕಾದ ಡಿಜಿಟಾಲಿಸ್ ಎಲೆ ಇವೆಲ್ಲಕ್ಕೂ ಅಭಾವ ಬಂತು. ಬೆಲೆ ಏರಿತು. ಗಿಡಗಳೇನೋ ಅಲ್ಲಿಯ ಬೇಲಿಸಾಲಿನಲ್ಲೂ ಇದ್ದವು. ಒಣಗಿಸಬಲ್ಲವರು ಸಾಲದೆ ಹೋದರು.

ಆಗ ಶ್ರೀಮತಿ ಗ್ರೀವ್ ತಮ್ಮ ತೋಟದಲ್ಲೇ ಶಾಲೆ ತೆರೆದರು. ಒಂದೊಂದು ಗಿಡಕ್ಕೆ ಒಂದೊಂದು ಕಿರುಹೊತ್ತಿಗೆ ಬರೆದು ಹಂಚಿದರು. ಪಾಠದ ತಿರುಳು ನಮ್ಮ ಹಿತ್ತಿಲ ತುಳಸಿ, ಪುದೀನಕ್ಕೂ ಹೊಂದುತ್ತದೆ. ಮಳೆಯಿಲ್ಲದ ದಿನ, ಇಬ್ಬನಿ ಆರಿದ ಮೇಲೆ, ಬಿಸಿಲು ಬಲಿಯುವ ಮುಂಚೆ ಕೊಯ್ಯಬೇಕು. ಸೊಪ್ಪಿಗಾಗಿ ಬೆಳೆದುದನ್ನು ಹೂ ಅರಳುವ ಮುನ್ನವೇ ಕೊಯ್ದರೆ ಒಳ್ಳೆಯದು. ಆ ದಿನವೇ ಗಾಳಿಯಾಡುವ ನೆರಳಿನಲ್ಲಿ ತೆಳ್ಳಗೆ ಹರಡಬೇಕು. ನೇರ ಬಿಸಿಲಿಗೆ ಹಾಕಿದರೆ ಬಣ್ಣ ಹೋಗುತ್ತದೆ, ಪರಿಮಳದ ಎಣ್ಣೆ ಆವಿಯಾಗುತ್ತದೆ. ಗುಡ್ಡೆ ಹಾಕಿದರೆ ಒಳಗೆ ಕಾವೇರಿ ಕಪ್ಪಾಗಿ ಬೂಷ್ಟು ಹಿಡಿಯುತ್ತದೆ. ಪರಿಮಳದ ಸೊಪ್ಪಿಗೆ ಮೈಬಿಸಿಗಿಂತ ಹೆಚ್ಚು ಶಾಖ ಬೇಡ. ದಂಟು ಬಾಗದೆ ಪಟ್ಟನೆ ಮುರಿದರೆ ಒಣಗಿದೆ ಎಂದು ಅರ್ಥ. ಕೂಡಲೇ ಗಾಳಿಯಾಡದ ಡಬ್ಬಿಗೆ ತುಂಬಿ ಕತ್ತಲಲ್ಲಿ ಇಡತಕ್ಕದ್ದು. ಹಸಿ ಸೊಪ್ಪಿನ ತೂಕದಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ನೀರೇ ಇರುವುದರಿಂದ, 4-5 ಕಿಲೋ ಕೊಯ್ದರೆ 1 ಕಿಲೋ ಸಿಕ್ಕೀತು. ಅದರಲ್ಲೂ ಬೂಷ್ಟು ಬಂದರೆ ಕೊಳ್ಳುವವರು ಯಾರು?

(ಬೆಲ್ಲಡೋನ, ಡಿಜಿಟಾಲಿಸ್ ಎರಡೂ ವಿಷ. ಅಂಥವನ್ನು ಅಡುಗೆ ಸೊಪ್ಪಿನ ಜೊತೆ ಎಂದೂ ಒಣಗಿಸಬಾರದು.)

ಯುದ್ಧ ಮುಗಿದು ಹೊರದೇಶದ ಸರಕು ಮತ್ತೆ ಅಗ್ಗವಾಗಿ ಬಂದಾಗ ಸ್ಥಳೀಯ ಬೆಳೆಗಾರರ ಉತ್ಸಾಹ ಇಳಿಯಿತು. ಆದರೆ ಹೊತ್ತಿಗೆಗಳು ಉಳಿದವು. ಹಿಲ್ಡಾ ಲೇಯೆಲ್ ಎಂಬ ಮಹಿಳೆ ಅವನ್ನು ಕೂಡಿಸಿ, ಪರಿಷ್ಕರಿಸಿ, 1931ರಲ್ಲಿ ಎರಡು ಸಂಪುಟಗಳ ಗ್ರಂಥವಾಗಿ ಹೊರತಂದರು. 800ಕ್ಕೂ ಹೆಚ್ಚು ಗಿಡಗಳ ವಿವರವುಳ್ಳ ಆ ಗ್ರಂಥ ಇಂದಿಗೂ ಮುದ್ರಣವಾಗುತ್ತಿದೆ. ಅದರ ಔಷಧೋಪಚಾರದ ಭಾಗ ಹಳೆಯದಾಗಿದೆ, ವೈದ್ಯರನ್ನು ಕೇಳದೆ ಅನುಸರಿಸುವಂಥದ್ದಲ್ಲ. ಬೇಸಾಯ ಮತ್ತು ಒಣಗಿಸುವ ಭಾಗ ಮಾತ್ರ ಈಗಲೂ ಗಟ್ಟಿ.

ಶ್ರೀಮತಿ ಗ್ರೀವ್ 1941ರಲ್ಲಿ ತೀರಿಕೊಂಡರು. ಆಗ ಎರಡನೆಯ ಮಹಾಯುದ್ಧ ನಡೆದಿತ್ತು. ಔಷಧಿಯ ಕೊರತೆಯೂ ಮರಳಿ ಬಂದಿತ್ತು. ಬ್ರಿಟನ್ನಿನ ಹಳ್ಳಿಗಳಲ್ಲಿ ಹೆಂಗಸರು, ಶಾಲಾಮಕ್ಕಳು ಪುನಃ ಸೊಪ್ಪು ಕೊಯ್ದು ಒಣಗಿಸಲು ತೊಡಗಿದರು.