ಎರಡು ಪೈಸೆಯ ಪಾಠಶಾಲೆ

ಬಡತನವೊಂದೇ ಮಕ್ಕಳನ್ನು ಶಾಲೆಯಿಂದ ದೂರವಿಡುತ್ತದೆಂಬ ಮಾತು ಅರ್ಧಸತ್ಯ. ಊರಿನ ಮನೋಭಾವವೂ ಶಾಲೆಯ ಬಾಗಿಲನ್ನು ಮುಚ್ಚಬಲ್ಲುದು. ಇದನ್ನು ಅರಿತು ಬಾಳಿದವರು ಕುದ್ಮುಲ್ ರಂಗರಾಯರು.

1859ರಲ್ಲಿ ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದ ರಂಗರಾಯರು ಮಂಗಳೂರಿನಲ್ಲಿ ನೆಲೆಸಿ ವಕೀಲರಾಗಿ ಹೆಸರು ಗಳಿಸಿದರು. ಬ್ರಹ್ಮಸಮಾಜದ ವಿಚಾರಗಳಿಗೆ ಒಲಿದರು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು.

ಶಾಲೆ ತೆರೆಯುವುದು ಸುಲಭವಾಗಿತ್ತು, ನಡೆಸುವುದು ಕಠಿಣವಾಗಿತ್ತು. ಮೇಲುಜಾತಿಯ ಶಿಕ್ಷಕರು ಆ ಮಕ್ಕಳಿಗೆ ಪಾಠ ಹೇಳಲು ಒಪ್ಪಲಿಲ್ಲ. ಆಗ ಕ್ರೈಸ್ತ ಶಿಕ್ಷಕರು ಆ ಹೊಣೆಯನ್ನು ಹೊತ್ತರು. ಸ್ವಜಾತಿಯವರು ರಂಗರಾಯರಿಗೆ ಬಹಿಷ್ಕಾರ ಹಾಕಿದರು. ಇತ್ತ ಹೆತ್ತವರಿಗೂ ಅಕ್ಷರದಲ್ಲಿ ವಿಶ್ವಾಸವಿರಲಿಲ್ಲ. ದುಡಿಯುವ ಕೈ ಪಾಟಿ ಹಿಡಿದರೆ ಮನೆಯ ಗಂಜಿಗೆ ಕೊರತೆಯೆಂಬುದು ಅವರ ಲೆಕ್ಕಾಚಾರ.

ರಂಗರಾಯರು ಆ ಲೆಕ್ಕವನ್ನು ಹಳಿಯಲಿಲ್ಲ, ಅದಕ್ಕೆ ಉತ್ತರ ಕೊಟ್ಟರು. ಶಾಲೆಗೆ ಬಂದ ಪ್ರತಿ ಮಗುವಿಗೆ ದಿನಕ್ಕೆ ಎರಡು ಪೈಸೆ ಹಾಗೂ ಮಧ್ಯಾಹ್ನದ ಊಟ ನೀಡಿದರು. ಮಗುವಿನ ದುಡಿಮೆಗೆ ಬೆಲೆಯಿದೆಯೆಂದು ಒಪ್ಪಿ, ಅದರ ಬಾಳಿಗೆ ಅದಕ್ಕಿಂತ ಹೆಚ್ಚಿನ ಬೆಲೆಯಿದೆಯೆಂದು ತೋರಿಸಿಕೊಟ್ಟರು. ಮಗ್ಗ, ಮರಗೆಲಸಗಳ ತರಬೇತಿಯನ್ನೂ ಸೇರಿಸಿದರು.

1928ರ ಜನವರಿ 30ರಂದು ಅವರು ತೀರಿಕೊಂಡರು. ತಮ್ಮ ಶವವನ್ನು ದಲಿತರೇ ಹೊರಬೇಕೆಂದು ಅವರು ಬಯಸಿದ್ದರು. ತಾವು ಓದಿಸಿದ ಮಗು ಮುಂದೊಂದು ದಿನ ಕಾರಿನಲ್ಲಿ ಹಾದುಹೋಗುವಾಗ ಏಳುವ ಧೂಳು ತಮ್ಮನ್ನು ತಾಕಲಿ ಎಂಬುದು ಅವರ ಹಂಬಲವಾಗಿತ್ತು.

2010ರಿಂದ 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಿಕ್ಷಣವು ಹಕ್ಕಾಗಿದೆ. ಆದರೂ ಕಾನೂನು ಊರ ಬಾಗಿಲವರೆಗೆ ಬರಬಹುದು, ಹೊಸ್ತಿಲು ದಾಟಿಸಬೇಕಾದವರು ನಾವೇ. ಡಾಬಕಾದಂತಹ ನಮ್ಮ ಬೀದರ ಸೀಮೆಯ ಗ್ರಾಮಗಳಲ್ಲಿ, ತೊಗರಿಯ ರಾಶಿಯ ಕಾಲಕ್ಕೆ ತಾಯಿ ಹೊಲಕ್ಕೆ ಹೋದರೆ, ಹಿರಿಮಗಳು ತಮ್ಮನನ್ನು ಎತ್ತಿಕೊಂಡು ಮನೆಯಲ್ಲುಳಿಯುವುದನ್ನು ನಾವು ದುಡಿಮೆಯೆಂದು ಎಣಿಸುವುದೇ ಇಲ್ಲ. ಎಣಿಸದ ದುಡಿಮೆಯನ್ನು ಯಾವ ಅಧಿಕಾರಿಯೂ ತಡೆಯಲಾರನು. ನೆರೆಮನೆಯ ಹುಡುಗಿ ಇಂದು ಶಾಲೆಗೇಕೆ ಹೋಗಲಿಲ್ಲವೆಂದು ಕೇಳುವುದು ಪರರ ಮನೆಯ ವಿಚಾರವಲ್ಲ, ನೆರೆಯವರ ಕರ್ತವ್ಯ. ಆ ದಿನಕ್ಕೆ ಕೂಸನ್ನು ನಮ್ಮ ಮನೆಯಲ್ಲಿರಿಸಿಕೊಂಡರೆ, ರಂಗರಾಯರ ಎರಡು ಪೈಸೆಗೆ ಅದೇ ಸಮನಾದೀತು.