ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು

ಗಣರಾಜ್ಯೋತ್ಸವದ ದಿನ ಶಿವಾಜಿ ಪಾರ್ಕಿನ ಕವಾಯತಿನಲ್ಲಿ ಎನ್.ಸಿ.ಸಿ. ತರುಣರು ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುವುದನ್ನು ನಮ್ಮಲ್ಲಿ ಅನೇಕರು ಕಂಡಿರಬಹುದು. ಕೆಲವರ ತೋಳಿನ ಮೇಲೆ ಪಟ್ಟಿಗಳಿರುತ್ತವೆ. ಅಂಥ ಪಟ್ಟಿ ತಮಗೂ ದೊರೆಯಬೇಕೆಂಬ ಆಸೆ ವಿದ್ಯಾರ್ಥಿಗಳಲ್ಲಿ ಮೂಡುವುದು ಸಹಜ. ಆದರೆ ಅದು ಅಧಿಕಾರದ ಗುರುತೋ, ಹೊಣೆಯ ಗುರುತೋ? ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರವಿತ್ತ ಮಹನೀಯರು ಫೀಲ್ಡ್ ಮಾರ್ಷಲ್ ಕೊಡಂದೆರ ಮಾದಪ್ಪ ಕಾರ್ಯಪ್ಪನವರು.

ಕಾರ್ಯಪ್ಪನವರು 1899ರ ಜನವರಿ 28ರಂದು ಕೊಡಗಿನ ಶನಿವಾರಸಂತೆಯಲ್ಲಿ ಜನಿಸಿದರು. ತಂದೆ ಕಂದಾಯ ಇಲಾಖೆಯಲ್ಲಿದ್ದರು. ಮಡಿಕೇರಿಯಲ್ಲಿ ಪ್ರೌಢ ವಿದ್ಯಾಭ್ಯಾಸವನ್ನು ಮುಗಿಸಿ, ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು.

ಆಗ ಬ್ರಿಟಿಷರ ಆಳ್ವಿಕೆ. ಸೈನ್ಯದಲ್ಲಿ ಭಾರತೀಯ ಸಿಪಾಯಿಯು ಎಷ್ಟು ವರ್ಷ ದುಡಿದರೂ ಸುಬೇದಾರ್ ಮೇಜರ್ ಪದವಿಯಾಚೆಗೆ ಏರುವುದು ದುಸ್ತರವಾಗಿತ್ತು. ತಲೆ ನರೆತ ಸುಬೇದಾರನೂ ನಿನ್ನೆ ಬಂದ ಆಂಗ್ಲ ತರುಣನ ಆಜ್ಞೆಗೆ ಬದ್ಧನು. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ನಮ್ಮ ನಾಯಕರು ಈ ಅನ್ಯಾಯವನ್ನು ಪ್ರತಿಭಟಿಸಿದುದರಿಂದ, ಆರಿಸಿದ ಕೆಲವು ಭಾರತೀಯರಿಗೆ ಇಂದೂರಿನ ಡೇಲಿ ಕೆಡೆಟ್ ಕಾಲೇಜಿನಲ್ಲಿ ಅಧಿಕಾರಿಗಳ ಶಿಕ್ಷಣ ದೊರೆಯಿತು. ಕಾರ್ಯಪ್ಪನವರು ಅವರಲ್ಲೊಬ್ಬರು. 1919ರ ಡಿಸೆಂಬರಿನಲ್ಲಿ ಅವರು ಸೆಕೆಂಡ್ ಲೆಫ್ಟಿನೆಂಟರಾಗಿ ನಮ್ಮ ಈ ಮುಂಬಯಿಯಲ್ಲಿಯೇ ಕರ್ನಾಟಿಕ್ ಪದಾತಿದಳವನ್ನು ಸೇರಿದರು.

ಬಾಗಿಲೇನೋ ತೆರೆಯಿತು, ಮೆಟ್ಟಿಲುಗಳು ಮಾತ್ರ ಕಡಿದಾಗಿದ್ದುವು. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜನ್ನು ಪ್ರವೇಶಿಸಿದ ಮೊದಲನೆಯ ಭಾರತೀಯರು ಅವರೇ. ಆದರೂ ಒಂದು ಪಡೆಯ ನಾಯಕತ್ವ ಅವರ ಕೈಗೆ ಬಂದುದು 1942ರಲ್ಲಿ, ಸೇವೆಯ ಇಪ್ಪತ್ತಮೂರನೆಯ ವರ್ಷದಲ್ಲಿ. ಅಷ್ಟು ಕಾಲ ಅವರು ಬೇಸರದಿಂದ ಕೆಲಸವನ್ನು ಬಿಡಲಿಲ್ಲ, ಕೆಲಸದಲ್ಲಿ ಕುಂದನ್ನೂ ತೋರಲಿಲ್ಲ.

ಸ್ವಾತಂತ್ರ್ಯಾನಂತರ ಕಾಶ್ಮೀರದಲ್ಲಿ ಯುದ್ಧ ನಡೆದಾಗ ಪಶ್ಚಿಮ ವಿಭಾಗದ ಸೈನ್ಯದ ಭಾರ ಅವರ ಮೇಲಿತ್ತು. 1948ರ ನವೆಂಬರಿನಲ್ಲಿ 11 ಸಾವಿರ ಅಡಿಗೂ ಎತ್ತರದ ಜೋಜಿಲಾ ಕಣಿವೆಯ ಮೇಲೆ ಟ್ಯಾಂಕುಗಳನ್ನು ಏರಿಸಿ ಶತ್ರುವನ್ನು ಹಿಮ್ಮೆಟ್ಟಿಸಲಾಯಿತು. ಅಲ್ಲಿ ಮುಂದೆ ನಿಂತು ನಡೆಸಿದವರು ಕೊಡಗಿನ ಇನ್ನೊಬ್ಬ ವೀರರಾದ ತಿಮ್ಮಯ್ಯನವರು. ಲೇಹ್ ಪಟ್ಟಣಕ್ಕೆ ದಾರಿ ಮತ್ತೆ ತೆರೆಯಿತು. 1949ರ ಜನವರಿ 15ರಂದು ಕಾರ್ಯಪ್ಪನವರು ಆಂಗ್ಲ ಸೇನಾಪತಿಯಿಂದ ಅಧಿಕಾರವನ್ನು ಸ್ವೀಕರಿಸಿ, ಭಾರತೀಯ ಸೈನ್ಯದ ಮೊದಲನೆಯ ಭಾರತೀಯ ಮಹಾದಂಡನಾಯಕರಾದರು. ಆ ದಿನವನ್ನೇ ನಾವು ಸೇನಾ ದಿನವೆಂದು ಆಚರಿಸುತ್ತೇವೆ.

1948ರ ಕಾನೂನಿನಿಂದ ಹುಟ್ಟಿದ ಎನ್.ಸಿ.ಸಿ.ಗೆ ಅದರ ಎಳವೆಯಲ್ಲಿ ಅವರು ಬಹಳವಾಗಿ ಬೆಂಬಲವಿತ್ತರು. ಹೆಣ್ಣುಮಕ್ಕಳ ವಿಭಾಗ 1949ರಲ್ಲಿ ಸೇರಿತು. ಈ ಸಂಸ್ಥೆಯ ರಚನೆ ಸೈನ್ಯದಂತೆಯೇ ಇದೆ. ದಿಲ್ಲಿಯಲ್ಲಿ ಮುಖ್ಯ ಕಚೇರಿ. ಅದರ ಕೆಳಗೆ ರಾಜ್ಯಗಳ ನಿರ್ದೇಶನಾಲಯಗಳು. ಅವುಗಳ ಕೆಳಗೆ ಗುಂಪುಗಳು, ಬೆಟಾಲಿಯನ್‌ಗಳು. ಕೊನೆಗೆ ಶಾಲೆಯ ತುಕಡಿ. ತುಕಡಿಯನ್ನು ನಡೆಸುವವರು ಶಿಕ್ಷಣ ಪಡೆದ ಅಧ್ಯಾಪಕರೇ. ಮೊದಲು ಎಲ್ಲರೂ ಬರಿಯ ಕೆಡೆಟ್‌ಗಳು. ಯೋಗ್ಯತೆಯನ್ನು ತೋರಿದವನು ಒಂದು ಪಟ್ಟಿಯ ಲಾನ್ಸ್ ಕಾರ್ಪೊರಲ್, ಬಳಿಕ ಎರಡು ಪಟ್ಟಿಯ ಕಾರ್ಪೊರಲ್, ಮೂರು ಪಟ್ಟಿಯ ಸಾರ್ಜೆಂಟ್ ಆಗುತ್ತಾನೆ. ಕಾಲೇಜಿನಲ್ಲಿ ಅಂಡರ್ ಆಫೀಸರ್ ಪದವಿಯವರೆಗೂ ಏರಬಹುದು. ಇಲ್ಲಿ ಜಾತಿಯನ್ನೂ ಭಾಷೆಯನ್ನೂ ಯಾರೂ ಕೇಳುವುದಿಲ್ಲ. ಕಾರ್ಯಪ್ಪನವರಿಗೆ ತಾರುಣ್ಯದಲ್ಲಿ ದೊರೆಯದಿದ್ದ ಸಮಾನತೆ ನಮ್ಮ ಮಕ್ಕಳಿಗೆ ಮೊದಲ ದಿನದಿಂದಲೇ ದೊರೆತಿದೆ.

1953ರಲ್ಲಿ ಅವರು ನಿವೃತ್ತರಾದರು. ಆದರೆ ಪದವಿಯ ನಿಜವಾದ ಪರೀಕ್ಷೆ ಅನಂತರ ಬಂದಿತು. 1965ರ ಯುದ್ಧದಲ್ಲಿ ವಾಯುಸೇನೆಯಲ್ಲಿದ್ದ ಅವರ ಮಗನ ವಿಮಾನವು ಪತನವಾಗಿ, ಮಗನು ಪಾಕಿಸ್ತಾನದ ಸೆರೆಯಾಳಾದನು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನರು ಅವಿಭಜಿತ ಸೈನ್ಯದ ಕಾಲದಿಂದ ಕಾರ್ಯಪ್ಪನವರನ್ನು ಬಲ್ಲವರು. ಮಗನನ್ನು ಬಿಟ್ಟುಕೊಡಲು ಅವರು ಮುಂದಾದರು. ಸೆರೆಯಲ್ಲಿರುವ ಯೋಧರೆಲ್ಲರೂ ತನ್ನ ಮಕ್ಕಳೇ, ಒಬ್ಬನಿಗೆ ಮಾತ್ರ ವಿಶೇಷ ಸೌಕರ್ಯ ಬೇಡವೆಂದು ಆ ತಂದೆ ತಿಳಿಸಿದರು. ಮಗನು ಮರುವರ್ಷ ಹಿಂದಿರುಗಿದನು. ಅಷ್ಟು ಕಾಲ ತಂದೆಯ ಹೃದಯವು ಎಷ್ಟು ನೊಂದಿರಬೇಡ!

1986ರಲ್ಲಿ ರಾಷ್ಟ್ರವು ಅವರಿಗೆ ಫೀಲ್ಡ್ ಮಾರ್ಷಲ್ ಪದವಿಯನ್ನಿತ್ತು ಗೌರವಿಸಿತು. ಆಗ ಅವರಿಗೆ 87 ವರ್ಷ. 1993ರ ಮೇ 15ರಂದು ಬೆಂಗಳೂರಿನಲ್ಲಿ ಅವರು ಕಾಲವಶರಾದರು.

ವಿದ್ಯಾರ್ಥಿ ಮಿತ್ರರೇ, ತೋಳಿನ ಮೇಲೆ ಪಟ್ಟಿ ಬಂದ ದಿನ ನಮ್ಮ ಹಿಂದೆ ನಿಂತಿರುವವರನ್ನು ಒಮ್ಮೆ ನೋಡೋಣ. ಅವರಿಗಿಲ್ಲದ ನೆರಳು ನಮಗೂ ಬೇಡವೆಂದು ಬಿಸಿಲಿನಲ್ಲಿ ನಿಲ್ಲಬಲ್ಲವನಿಗೆ ಆ ಪಟ್ಟಿ ಒಪ್ಪುತ್ತದೆ.